ಹಳೆಯ ಕ್ರೀಡಾಕಾರಿನ ಹಿಂದಿನ ಚಕ್ರಗಳು: ಸ್ಪಿಟ್‌ಫೈರ್ ಕಾರಿನ ಅವಲಂಬನ ವ್ಯವಸ್ಥೆಯ ಸುಧಾರಣೆ

ವೇಗವಾಗಿ ತಿರುವನ್ನು ಹೊಕ್ಕ ಚಾಲಕನು, ಆ ತಿರುವು ತಾನು ಎಣಿಸಿದುದಕ್ಕಿಂತ ಕಡಿದಾದುದೆಂದು ಕಂಡ ಕ್ಷಣದಲ್ಲಿ, ವೇಗವರ್ಧಕದ ಮೇಲಿಂದ ಕಾಲನ್ನು ಹಿಂದೆಗೆಯುತ್ತಾನೆ. ಇದನ್ನು ಅವನಿಗೆ ಯಾರೂ ಕಲಿಸಬೇಕಾದುದಿಲ್ಲ, ಅಂಜಿಕೆಯೇ ಕಲಿಸುತ್ತದೆ. ಬಹುಪಾಲು ಕಾರುಗಳಲ್ಲಿ ಈ ಕ್ರಿಯೆ ಹಿತಕರವೇ ಆಗಿದೆ: ವೇಗ ತಗ್ಗುತ್ತದೆ, ಕಾರು ತಿರುವಿನ ಒಳಮಗ್ಗುಲಿಗೆ ತುಸು ಸರಿಯುತ್ತದೆ, ಅಪಾಯ ಕಳೆಯುತ್ತದೆ. ಆದರೆ ಕೆಲವು ಹಳೆಯ ಕಾರುಗಳಲ್ಲಿ ಇದೇ ಕ್ರಿಯೆಯು ಹಿಂದಿನ ಚಕ್ರಗಳ ಹಿಡಿತವನ್ನು ಒಮ್ಮೆಲೇ ಕಳೆದು, ಕಾರಿನ ಹಿಂಭಾಗವನ್ನು ಹೊರಕ್ಕೆ ಬೀಸಿ ಒಗೆಯುತ್ತದೆ. ಮನುಷ್ಯನ ಸಹಜ ಪ್ರತಿಕ್ರಿಯೆಯನ್ನೇ ಅಪಘಾತದ ಕಾರಣವನ್ನಾಗಿ ಮಾಡುವ ಯಂತ್ರರಚನೆಯನ್ನು ದೋಷಯುಕ್ತವೆಂದೇ ಕರೆಯಬೇಕು. ಅದು ಎಷ್ಟೇ ಸುಂದರವಾಗಿರಲಿ, ಎಷ್ಟೇ ಜನಪ್ರಿಯವಾಗಿರಲಿ, ಈ ಮಾತು ಬದಲಾಗುವುದಿಲ್ಲ.

ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ತಯಾರಾಗಿ 1962ರಲ್ಲಿ ಮಾರುಕಟ್ಟೆಗೆ ಬಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಆಸನಗಳ ತೆರೆದ ಕಾರು ಸುಂದರವೂ ಆಗಿತ್ತು, ಜನಪ್ರಿಯವೂ ಆಗಿತ್ತು. ಅದರ ಮೈಕಟ್ಟನ್ನು ರೂಪಿಸಿದವನು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಮೊದಲ ಮಾದರಿಯ ಎಂಜಿನ್ 1147 ಘನ ಸೆಂಟಿಮೀಟರಿನದು. ಅದರ ಶಕ್ತಿ 63 ಅಶ್ವಶಕ್ತಿ. ಕಾರಿನ ತೂಕ ಸುಮಾರು 710 ಕಿಲೋಗ್ರಾಂ. 1980ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಎಲ್ಲ ಮಾದರಿಗಳೂ ಸೇರಿ ಮೂರು ಲಕ್ಷಕ್ಕಿಂತ ಹೆಚ್ಚು ಕಾರುಗಳು ಹೊರಬಂದಿದ್ದುವು. ಇವುಗಳಲ್ಲಿ ಅನೇಕವನ್ನು ಹವ್ಯಾಸಿಗಳು ಇಂದಿಗೂ ಅಕ್ಕರೆಯಿಂದ ಉಳಿಸಿಕೊಂಡಿದ್ದಾರೆ. ಉಳಿಸಿಕೊಂಡವರಲ್ಲಿ ಬಹುಮಂದಿ ತಿರುವಿನಲ್ಲಿ ಅದರ ನಡೆಯನ್ನು ಉತ್ತಮಪಡಿಸಲು ಹೊಸ ಸ್ಪ್ರಿಂಗುಗಳನ್ನೂ ಸರಳುಗಳನ್ನೂ ಕೊಂಡು ಜೋಡಿಸುತ್ತಾರೆ. ಹೀಗೆ ಜೋಡಿಸುವಲ್ಲಿ ಸಾಮಾನ್ಯವಾಗಿ ಅನುಸರಿಸುವ ನ್ಯಾಯವೆಂದರೆ, ಬಿಗಿಯಾದಷ್ಟೂ ಒಳ್ಳೆಯದು ಎಂಬುದು. ಈ ನ್ಯಾಯವು ಸ್ಪಿಟ್‌ಫೈರಿನ ಹಿಂಭಾಗಕ್ಕೆ ಸಲ್ಲುವುದಿಲ್ಲವೆಂದೂ, ಅಲ್ಲಿ ನಿಜವಾದ ಸುಧಾರಣೆ ಸಡಿಲಿಸುವುದರಿಂದಲೇ ಬಂದಿತೆಂದೂ ತೋರಿಸುವುದು ನಮ್ಮ ಉದ್ದೇಶ. ಬೇಕಾದ ಗಣಿತವು ಇಂಟರ್‌ಮೀಡಿಯೆಟ್ ತರಗತಿಯ ಯಂತ್ರಶಾಸ್ತ್ರವನ್ನು ಮೀರುವುದಿಲ್ಲ.

ಚಕ್ರಗಳನ್ನು ಕಾರಿನ ಒಡಲಿಗೆ ಬಂಧಿಸುವ ಸ್ಪ್ರಿಂಗು, ಸರಳು, ಕೀಲುಗಳ ಸಮುದಾಯಕ್ಕೆ ಸಸ್ಪೆನ್ಷನ್ ಅಥವಾ ಅವಲಂಬನ ವ್ಯವಸ್ಥೆ ಎಂದು ಹೆಸರು. ಇದರ ಕೆಲಸ ರಸ್ತೆಯ ಏರುತಗ್ಗುಗಳ ಆಘಾತವನ್ನು ಪ್ರಯಾಣಿಕರಿಗೆ ಮುಟ್ಟದಂತೆ ತಡೆಯುವುದು ಎಂದು ಸಾಮಾನ್ಯರ ತಿಳಿವಳಿಕೆ. ಅದು ಅರ್ಧ ಸತ್ಯ ಮಾತ್ರ. ಇನ್ನರ್ಧವೆಂದರೆ, ಕಾರು ಹೇಗೆಯೇ ವಾಲಲಿ, ಕುಪ್ಪಳಿಸಲಿ, ಟೈರನ್ನು ನೆಲದ ಮೇಲೆ ಆದಷ್ಟೂ ನೇರವಾಗಿ ನಿಲ್ಲಿಸುವುದು. ಕಾರು ರಸ್ತೆಯನ್ನು ಮುಟ್ಟುವುದು ಅಂಗೈಯಗಲದ ನಾಲ್ಕು ತೇಪೆಗಳಲ್ಲಿ ಮಾತ್ರ. ತಿರುವಿನಲ್ಲಿ ಅದನ್ನು ವೃತ್ತಮಾರ್ಗದಲ್ಲಿ ಹಿಡಿದಿಡುವ ಬಲವೆಲ್ಲವೂ ಈ ನಾಲ್ಕು ತೇಪೆಗಳಿಂದಲೇ ಬರಬೇಕು.

ಮುಂದಿನ ವಿವೇಚನೆಗೆ ಎರಡು ಪದಗಳನ್ನು ಗೊತ್ತುಮಾಡಿಕೊಳ್ಳೋಣ. ಕಾರನ್ನು ಹಿಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೂ ಬುಡ ಹೊರಕ್ಕೂ ಇದ್ದರೆ ಅದನ್ನು ಒಳ ಓರೆ ಎನ್ನುವೆವು. ತಲೆ ಹೊರಕ್ಕೂ ಬುಡ ಒಳಕ್ಕೂ ಇದ್ದರೆ ಹೊರ ಓರೆ. ತಿರುವಿನಲ್ಲಿ ಹೆಚ್ಚು ಭಾರ ಹೊರುವುದು ಹೊರಮಗ್ಗುಲಿನ ಚಕ್ರ. ಅದಕ್ಕೆ ತುಸು ಒಳ ಓರೆಯಿದ್ದರೆ ಟೈರು ಚೆನ್ನಾಗಿ ಹಿಡಿಯುತ್ತದೆ. ಹೊರ ಓರೆಯಿದ್ದರೆ ಟೈರು ತನ್ನ ಅಂಚಿನ ಮೇಲೆ ನಿಂತಂತಾಗಿ ಹಿಡಿತ ಕುಂದುತ್ತದೆ. ನಡೆಯುವವನು ಪಾದವನ್ನು ಮಡಿಸಿ ಹೊರ ಅಂಚಿನ ಮೇಲೆ ಊರಿದರೆ ಕಾಲು ಉಳುಕುವಂತೆಯೇ ಇದು.

ಸ್ಪಿಟ್‌ಫೈರ್ ಒಂದು ಸ್ವತಂತ್ರ ಸೃಷ್ಟಿಯಲ್ಲ. ಅದೇ ಕಾರಖಾನೆ 1959ರಲ್ಲಿ ಹೊರತಂದಿದ್ದ ಹೆರಾಲ್ಡ್ ಎಂಬ ಕುಟುಂಬದ ಕಾರಿನ ಅಂಗಾಂಗಗಳನ್ನು ಎರವು ಪಡೆದು ಅದನ್ನು ಕಟ್ಟಿದರು. ಹೆರಾಲ್ಡಿನ ಮುಂಭಾಗದ ಅವಲಂಬನ ವ್ಯವಸ್ಥೆ ಆ ಕಾಲಕ್ಕೆ ಶ್ರೇಷ್ಠವಾದದ್ದೇ ಆಗಿತ್ತು: ಮೇಲೊಂದು ಕೆಳಗೊಂದು ಕವಲುತೋಳು, ನಡುವೆ ಸುರುಳಿ ಸ್ಪ್ರಿಂಗು. ಅದರ ಲೋಹಭಾಗಗಳನ್ನು ಲೋಟಸ್ ಕಂಪೆನಿಯವರೂ ತಮ್ಮ ಇಲಾನ್ ಕಾರಿಗೆ ಬಳಸಿಕೊಂಡರೆಂದ ಮೇಲೆ ಹೆಚ್ಚಿನ ಪ್ರಶಂಸೆ ಬೇಕಿಲ್ಲ. ತೊಡಕೆಲ್ಲ ಇರುವುದು ಹಿಂಭಾಗದಲ್ಲಿ. ಅಲ್ಲಿ ಡಿಫರೆನ್ಷಿಯಲ್ ಪೆಟ್ಟಿಗೆಯನ್ನು ಚೌಕಟ್ಟಿಗೆ ಬಿಗಿದು, ಅದರ ಎರಡು ಮಗ್ಗುಲಿಗೂ ಒಂದೊಂದು ಅರ್ಧಾಕ್ಷವನ್ನು ಜೋಡಿಸಿದ್ದಾರೆ. ಅರ್ಧಾಕ್ಷದ ಒಳತುದಿಯಲ್ಲಿ ಮಾತ್ರ ಕೀಲು ಇದೆ. ಹೊರತುದಿಯಲ್ಲಿ ಕೀಲಿಲ್ಲ, ಚಕ್ರ ನೇರವಾಗಿ ಅದಕ್ಕೇ ಬಿಗಿದಿದೆ. ಆದ್ದರಿಂದ ಚಕ್ರವು ಮೇಲೆ ಕೆಳಗೆ ಆಡುವಾಗ, ಬಾಗಿಲು ತಿರುಗಣಿಯ ಸುತ್ತ ತೂಗುವಂತೆ, ಒಳಗಿನ ಕೀಲಿನ ಸುತ್ತ ತೂಗುತ್ತದೆ. ಇದೇ ತೂಗಚ್ಚು. ಇವೆರಡರ ಮೇಲೂ ಹಾದು, ನಡುವೆ ಡಿಫರೆನ್ಷಿಯಲ್ ಪೆಟ್ಟಿಗೆಯ ನೆತ್ತಿಗೆ ಭದ್ರವಾಗಿ ಬಿಗಿದ ಒಂದೇ ಅಡ್ಡ ಕಮಾನು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ನಮ್ಮ ಜಟಕಾಗಾಡಿಯ ಕಮಾನುಪಟ್ಟಿಗಳನ್ನು ನೋಡಿದವರಿಗೆ ಅದರ ಆಕಾರವನ್ನು ವಿವರಿಸಬೇಕಾಗಿಲ್ಲ.

ತೂಗಚ್ಚಿನ ಕಲ್ಪನೆ ಹೊಸದೇನೂ ಅಲ್ಲ. ಆಸ್ಟ್ರಿಯದ ಎಡ್ಮಂಡ್ ರುಂಪ್ಲರ್ ಅದಕ್ಕೆ 1903ರಲ್ಲಿಯೇ ಪೇಟೆಂಟ್ ಪಡೆದಿದ್ದನು. ಭಾರವಾದ ಡಿಫರೆನ್ಷಿಯಲ್ ಪೆಟ್ಟಿಗೆ ಚಕ್ರಗಳೊಡನೆ ಕುಣಿಯುವ ಬದಲು ಒಡಲಿಗೆ ಅಂಟಿಕೊಂಡಿರುವುದರಿಂದ, ಹಳ್ಳಕೊಳ್ಳಗಳ ರಸ್ತೆಯಲ್ಲಿ ಚಕ್ರಗಳು ಹಗುರವಾಗಿ ನೆಲವನ್ನು ಅನುಸರಿಸುತ್ತವೆ. ಅದೂ ಅಲ್ಲದೆ ಇದು ಅಗ್ಗ. ನಾಲ್ಕು ಕೀಲುಗಳ ಕೆಲಸವನ್ನು ಎರಡೇ ಕೀಲುಗಳಲ್ಲಿ ಮುಗಿಸುತ್ತದೆ. ಫೋಲ್ಕ್ಸ್‌ವಾಗನ್, ಪೋರ್ಷೆ, ಮರ್ಸಿಡಿಸ್ ಮೊದಲಾದ ಹೆಸರಾಂತ ಕಾರುಗಳು ದಶಕಗಳ ಕಾಲ ಇದನ್ನು ಬಳಸಿದುವು. ಆದುದರಿಂದ ಹೆರಾಲ್ಡಿನ ಶಿಲ್ಪಿಗಳನ್ನು ಅಜ್ಞರೆಂದು ಹಳಿಯುವುದು ನ್ಯಾಯವಲ್ಲ. ನಿಧಾನವಾಗಿ ಚಲಿಸುವ ಕುಟುಂಬದ ಕಾರಿಗೆ ಅದು ಸಾಕಾಗಿತ್ತು. ಅದನ್ನೇ ಕ್ರೀಡಾಕಾರಿನ ಅಡಿಗೆ ತಂದು, ಎರಡು ಅಚ್ಚುಗಳ ನಡುವಣ ದೂರವನ್ನು ಸುಮಾರು 232 ಸೆಂಟಿಮೀಟರಿನಿಂದ 211ಕ್ಕೆ ಇಳಿಸಿದಾಗ ಅದರ ಗುಣದೋಷಗಳು ಬೇರೆಯಾದುವು. ಗಿಡ್ಡ ಕಾರು ಬೇಗನೆ ತಿರುಗುತ್ತದೆ. ಹಿಂಭಾಗ ಜಾರತೊಡಗಿದರೆ ಬೇಗನೆ ಸುತ್ತಿಯೂ ಬಿಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಒಳಗಿನ ಕೀಲಿನಿಂದ ಚಕ್ರಕ್ಕೆ ಇರುವ ದೂರವನ್ನು ಅರ್ಧ ಮೀಟರು ಎಂದು ಇಟ್ಟುಕೊಂಡರೆ, ಚಕ್ರವು ಒಡಲಿಗೆ ಹೋಲಿಸಿದಂತೆ 5 ಸೆಂಟಿಮೀಟರು ಕೆಳಗಿಳಿದಾಗ ಅದರ ಓರೆಯು ಹತ್ತರಲ್ಲಿ ಒಂದು ರೇಡಿಯನ್, ಎಂದರೆ 5.7 ಡಿಗ್ರಿಯಷ್ಟು, ಬದಲಾಗುತ್ತದೆ. ಬದಲಾಗುವುದು ಹೊರ ಓರೆಯ ಕಡೆಗೆ. ಉತ್ತಮವಾದ ಅವಲಂಬನ ವ್ಯವಸ್ಥೆಯಲ್ಲಿ ಇಷ್ಟೇ ಚಲನೆಗೆ ಒಂದೆರಡು ಡಿಗ್ರಿಯ ಬದಲಾವಣೆಯೇ ಹೆಚ್ಚು. ಹಾಗಾದರೆ ತಿರುವಿನಲ್ಲಿ ಚಕ್ರಗಳು ಒಡಲಿನಿಂದ ಕೆಳಗಿಳಿಯುವ, ಅಥವಾ ಒಡಲು ಚಕ್ರಗಳಿಂದ ಮೇಲೇಳುವ ಪ್ರಸಂಗ ಉಂಟೆ? ಉಂಟು, ತೂಗಚ್ಚಿನ ಮರ್ಮವಿರುವುದು ಇಲ್ಲಿಯೇ.

ತಿರುವಿನಲ್ಲಿ ನೆಲವು ಹೊರಮಗ್ಗುಲಿನ ಟೈರನ್ನು ತಿರುವಿನ ಕೇಂದ್ರದ ಕಡೆಗೆ ತಳ್ಳುತ್ತದೆ. ಈ ತಳ್ಳುಬಲ ವರ್ತಿಸುವುದು ನೆಲದ ಮಟ್ಟದಲ್ಲಿ. ಕೀಲಾದರೋ ನೆಲದಿಂದ ಚಕ್ರದ ತ್ರಿಜ್ಯದಷ್ಟು, ಎಂದರೆ ಸುಮಾರು 28 ಸೆಂಟಿಮೀಟರು, ಎತ್ತರದಲ್ಲಿದೆ. ಆದ್ದರಿಂದ ಆ ಬಲವು ಚಕ್ರವನ್ನು ಕಾರಿನ ಅಡಿಗೆ ಮಡಿಸಲು ಹವಣಿಸುತ್ತದೆ. ಚಕ್ರ ಅಡಿಗೆ ಮಡಿಯಬೇಕಾದರೆ ಕೀಲು ಮೇಲೇಳಬೇಕು. ಪಕ್ಕಕ್ಕೆ ಒರಗಿಸಿಟ್ಟ ಏಣಿಯ ಬುಡವನ್ನು ಗೋಡೆಯ ಕಡೆಗೆ ನೂಕಿದರೆ ತಲೆ ಗೋಡೆಯ ಮೇಲೆ ಏರುತ್ತದಷ್ಟೆ. ಇದೂ ಅದೇ ಬಗೆ. ಎತ್ತುವ ಬಲವು ತಳ್ಳುಬಲಕ್ಕೆ 28ಕ್ಕೂ 50ಕ್ಕೂ ಇರುವ ಪ್ರಮಾಣದಲ್ಲಿದೆ. ಎಂದರೆ ಅದರ 0.56 ಭಾಗ. ಒಳಮಗ್ಗುಲಿನ ಚಕ್ರದಲ್ಲಿ ಇದೇ ಕ್ರಿಯೆ ತಿರುಗುಮುರುಗಾಗಿ ಒಡಲನ್ನು ಕೆಳಕ್ಕೆ ಎಳೆಯುತ್ತದೆ. ಎರಡು ಚಕ್ರಗಳ ತಳ್ಳುಬಲಗಳೂ ಸಮವಾಗಿದ್ದರೆ ಏಳುವುದೂ ಎಳೆಯುವುದೂ ಸರಿಹೋಗುತ್ತಿದ್ದುವು. ಆದರೆ ಹೊರಚಕ್ರದ ಮೇಲೆ ಭಾರ ಹೆಚ್ಚು, ಆದುದರಿಂದ ಅದರ ತಳ್ಳುಬಲವೂ ಹೆಚ್ಚು. ಉಳಿಯುವ ವ್ಯತ್ಯಾಸ ಕಾರಿನ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಚಾಲಕನೂ ಸೇರಿ ಹಿಂದಿನ ಅಚ್ಚಿನ ಮೇಲಣ ಭಾರ 400 ಕಿಲೋಗ್ರಾಂ ಇರಲಿ. ತಿರುವಿನ ತೀವ್ರತೆ ಗುರುತ್ವಾಕರ್ಷಣೆಯ ಹತ್ತರಲ್ಲಿ ಆರು ಭಾಗ ಇರಲಿ. ಆಗ ಹಿಂದಿನ ಟೈರುಗಳೆರಡೂ ಸೇರಿ ಒದಗಿಸಬೇಕಾದ ಪಾರ್ಶ್ವಬಲ 240 ಕಿಲೋ. ತಿರುವಿನಲ್ಲಿ ಭಾರವು ಒಳಚಕ್ರದಿಂದ ಹೊರಚಕ್ರಕ್ಕೆ ವರ್ಗವಾಗಿ ಹೊರಗಡೆ 310, ಒಳಗಡೆ 90 ಆಯಿತೆನ್ನೋಣ. ಪಾರ್ಶ್ವಬಲವೂ ಅದೇ ಪ್ರಮಾಣದಲ್ಲಿ ಹಂಚಿಹೋದರೆ ಹೊರಗಡೆ 186, ಒಳಗಡೆ 54, ವ್ಯತ್ಯಾಸ 132. ಇದರ 0.56 ಭಾಗವೆಂದರೆ ಸುಮಾರು 74 ಕಿಲೋ ಬಲ ಹಿಂಭಾಗವನ್ನು ಎತ್ತುತ್ತಿದೆ. ಅಲ್ಲಿರುವ ಭಾರದ ಐದನೆಯ ಒಂದು ಪಾಲಿಗೆ ಇದು ಸಮೀಪ. ಹಿಂದಿನ ಸ್ಪ್ರಿಂಗಿನ ಬಿಗಿತವನ್ನು ಎರಡು ಮಗ್ಗುಲೂ ಸೇರಿ ಸೆಂಟಿಮೀಟರಿಗೆ 35 ಕಿಲೋ ಎಂದು ಭಾವಿಸಿದರೆ, ಒಡಲು 2 ಸೆಂಟಿಮೀಟರಿಗಿಂತ ತುಸು ಹೆಚ್ಚಾಗಿ ಏಳುತ್ತದೆ. ಚಕ್ರಗಳು ಸುಮಾರು 2.4 ಡಿಗ್ರಿ ಹೊರ ಓರೆಗೆ ತಿರುಗುತ್ತವೆ.

ಇಲ್ಲಿಗೆ ಚಾಲಕನು ಅಂಜಿ ಕಾಲು ತೆಗೆಯುತ್ತಾನೆ. ಎಂಜಿನ್ ಕಾರನ್ನು ತಡೆಯತೊಡಗುತ್ತದೆ. ಭಾರ ಮುಂದಕ್ಕೆ ಸರಿಯುತ್ತದೆ. ಭಾರ ಕಳೆದುಕೊಂಡ ಹಿಂಭಾಗ ಇನ್ನೊಂದು ಸೆಂಟಿಮೀಟರು ಏಳುತ್ತದೆ. ಏಳುತ್ತಿದ್ದಂತೆ ಕೀಲಿನ ಎತ್ತರವೂ ಹೆಚ್ಚುವುದರಿಂದ ಎತ್ತುವ ಬಲ ತಾನೇ ತಾನಾಗಿ ಬೆಳೆಯುತ್ತದೆ. ಓರೆ ಬೆಳೆಯುತ್ತದೆ, ಹಿಡಿತ ಕುಂದುತ್ತದೆ. ಅಳಿದುಳಿದ ಹಿಡಿತದಲ್ಲಿಯೂ ಒಂದು ಪಾಲನ್ನು ಎಂಜಿನ್ನಿನ ತಡೆ ತಿಂದುಹಾಕುತ್ತದೆ. ಇವೆಲ್ಲ ಒಂದರ ಹಿಂದೊಂದಾಗಿ ನಡೆಯುವುದಿಲ್ಲ, ಒಟ್ಟಿಗೆ ನಡೆಯುತ್ತವೆ. ಹೊರಚಕ್ರ ಕಾರಿನ ಅಡಿಗೆ ಮಡಿಯುತ್ತದೆ. ಅಲ್ಲಿಯವರೆಗೆ ಚಾಲಕನ ಕೈಗೆ ಯಾವ ಮುನ್ಸೂಚನೆಯೂ ಬರುವುದಿಲ್ಲವೆಂಬುದೇ ಇದರ ಅತ್ಯಂತ ಕೆಟ್ಟ ಗುಣ.

ಈ ದೋಷದ ಗಂಭೀರತೆಯನ್ನು ಲೋಕಕ್ಕೆ ಸಾರಿದ ಪ್ರಕರಣ ಸ್ಪಿಟ್‌ಫೈರಿನದಲ್ಲ, ಅಮೆರಿಕದ ಷೆವರ್ಲೆ ಕೊರ್ವೇರ್ ಕಾರಿನದು. 1965ರಲ್ಲಿ ರಾಲ್ಫ್ ನೇಡರ್ ಪ್ರಕಟಿಸಿದ ಪುಸ್ತಕದ ಮೊದಲನೆಯ ಅಧ್ಯಾಯವೇ ಅದರ ತೂಗಚ್ಚನ್ನು ಕುರಿತದ್ದು. ತಯಾರಕರು ಆ ವೇಳೆಗೆ, 1964ರ ಮಾದರಿಯಲ್ಲಿ, ಒಂದು ಅಡ್ಡ ಕಮಾನನ್ನು ಸೇರಿಸಿದ್ದರು. 1965ರ ಮಾದರಿಯಲ್ಲಿ ತೂಗಚ್ಚನ್ನೇ ಕೈಬಿಟ್ಟರು. 1972ರಲ್ಲಿ ಅಮೆರಿಕದ ಸರ್ಕಾರಿ ಸುರಕ್ಷತಾ ಸಂಸ್ಥೆ ಪರೀಕ್ಷೆ ನಡೆಸಿ, ಆ ಕಾರು ತನ್ನ ಸಮಕಾಲೀನ ಕಾರುಗಳಿಗಿಂತ ವಿಶೇಷವಾಗಿ ಅಪಾಯಕರವಲ್ಲವೆಂದು ತೀರ್ಮಾನಿಸಿತು. ಈ ತೀರ್ಮಾನದಿಂದ ತೂಗಚ್ಚಿನ ದೋಷವು ಇಲ್ಲವಾಗಲಿಲ್ಲ. ಸಮಕಾಲೀನ ಕಾರುಗಳೂ ಅಷ್ಟಕ್ಕಷ್ಟೇ ಎಂದು ಸಿದ್ಧವಾಯಿತೆಂದು ನಮಗೆ ತೋರುತ್ತದೆ.

ಪರಿಹಾರಗಳನ್ನು ಪರಿಶೀಲಿಸುವ ಮುನ್ನ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ತಿರುವಿನಲ್ಲಿ ಕಾರು ಹೊರಮಗ್ಗುಲಿಗೆ ವಾಲುವುದನ್ನು ಕಂಡವರು, ಆ ವಾಲುವಿಕೆಯೇ ಎಲ್ಲ ಅನರ್ಥಕ್ಕೂ ಮೂಲವೆಂದು ಬಗೆದು ಅದನ್ನು ತಡೆಯಲು ಹೊರಡುತ್ತಾರೆ. ಹಿಂದಿನ ಸ್ಪ್ರಿಂಗನ್ನು ಬಿಗಿಗೊಳಿಸುತ್ತಾರೆ. ಎರಡು ಚಕ್ರಗಳನ್ನೂ ಹೆಣೆಯುವ ವಾಲುತಡೆ ಸರಳನ್ನು ಹಿಂದುಗಡೆ ಹಾಕುತ್ತಾರೆ. ಆದರೆ ವಾಲುವಿಕೆಯಿಂದ ತೂಗಚ್ಚಿಗೆ ಆಗುವ ಹಾನಿ ಏನು? ಒಡಲು 3 ಡಿಗ್ರಿ ವಾಲಿತೆನ್ನಿ. ಕಾರಿನ ನಡುಗೆರೆಯಿಂದ ಚಕ್ರಕ್ಕೆ 61 ಸೆಂಟಿಮೀಟರು ದೂರವಿರುವುದರಿಂದ ಹೊರಚಕ್ರ ಒಡಲಿಗೆ ಹೋಲಿಸಿದಂತೆ 3.2 ಸೆಂಟಿಮೀಟರು ಮೇಲೇರುತ್ತದೆ; 50 ಸೆಂಟಿಮೀಟರಿನ ಅರ್ಧಾಕ್ಷ ಅದರಿಂದ 3.7 ಡಿಗ್ರಿಯಷ್ಟು ಒಳ ಓರೆಗೆ ತಿರುಗುತ್ತದೆ. ಇದರಿಂದ ಒಡಲಿನ 3 ಡಿಗ್ರಿ ಕಳೆದರೂ ನೆಲಕ್ಕೆ ಹೋಲಿಸಿದಂತೆ ಮುಕ್ಕಾಲು ಡಿಗ್ರಿಗೆ ಸಮೀಪವಾದ ಒಳ ಓರೆ ಉಳಿಯುತ್ತದೆ. ಅಂದರೆ ತೂಗಚ್ಚಿನ ಕಾರು ಶುದ್ಧವಾಗಿ ವಾಲಿದರೆ ಹೊರಚಕ್ರಕ್ಕೆ ಅನುಕೂಲವೇ ಆಗುತ್ತದೆ. ಕೆಡಿಸುವುದು ಏಳುವಿಕೆ, ವಾಲುವಿಕೆಯಲ್ಲ. ಇವೆರಡನ್ನೂ ಬೇರ್ಪಡಿಸಿ ನೋಡದವನು ಈ ಕಾರನ್ನು ಸುಧಾರಿಸಲಾರನು.

ಹಿಂಭಾಗವನ್ನು ವಾಲುವಿಕೆಗೆ ಎದುರಾಗಿ ಬಿಗಿಗೊಳಿಸಿದರೆ ಏನಾಗುತ್ತದೆ? ಕಾರಿನ ಒಟ್ಟು ಭಾರವರ್ಗಾವಣೆಯು ಗುರುತ್ವಕೇಂದ್ರದ ಎತ್ತರವನ್ನೂ ಚಕ್ರಗಳ ನಡುವಣ ಅಗಲವನ್ನೂ ಅವಲಂಬಿಸಿದೆ. ಸ್ಪ್ರಿಂಗಿನಿಂದ ಅದನ್ನು ಕಡಮೆ ಮಾಡಲಾಗುವುದಿಲ್ಲ. ಆದರೆ ಅದರಲ್ಲಿ ಎಷ್ಟು ಪಾಲನ್ನು ಮುಂದಿನ ಅಚ್ಚು ಹೊರಬೇಕು, ಎಷ್ಟನ್ನು ಹಿಂದಿನದು ಹೊರಬೇಕು ಎಂಬುದನ್ನು ಬಿಗಿತದ ಹಂಚಿಕೆ ನಿರ್ಧರಿಸುತ್ತದೆ. ಬಿಗಿಯಾದ ತುದಿ ಹೆಚ್ಚು ಹೊರುತ್ತದೆ. ಹಿಂಭಾಗ ಬಿಗಿಯಾದರೆ ಅಲ್ಲಿಯ ಹೊರಚಕ್ರಕ್ಕೂ ಒಳಚಕ್ರಕ್ಕೂ ಇರುವ ಅಂತರ ಬೆಳೆಯುತ್ತದೆ. ಅಂತರ ಬೆಳೆದಷ್ಟೂ ಎತ್ತುವ ಬಲ ಬೆಳೆಯುತ್ತದೆ. ಇದರ ಮೇಲೆ ಟೈರಿನ ಸ್ವಭಾವವೂ ಸೇರಿಕೊಳ್ಳುತ್ತದೆ. ಟೈರಿನ ಹಿಡಿತ ಅದರ ಮೇಲಣ ಭಾರದಷ್ಟೇ ವೇಗವಾಗಿ ಏರುವುದಿಲ್ಲ. 200 ಕಿಲೋ ಭಾರಕ್ಕೆ 180 ಕಿಲೋ ಪಾರ್ಶ್ವಬಲ ಕೊಡುವ ಟೈರು, 300ಕ್ಕೆ 250 ಮಾತ್ರ, 100ಕ್ಕೆ 95 ಕೊಡಬಹುದು. ಸಮಭಾರದ ಜೋಡಿ 360 ಕೊಟ್ಟರೆ, ಅಸಮಭಾರದ ಜೋಡಿ ಕೊಡುವುದು 345. ಹೀಗೆ ಹಿಂಭಾಗವನ್ನು ಬಿಗಿಗೊಳಿಸಿದವನು ಎರಡು ದಾರಿಯಲ್ಲಿ ನಷ್ಟ ಹೊಂದುತ್ತಾನೆ. ಕಾರು ಚಪ್ಪಟೆಯಾಗಿ ನಿಲ್ಲುವುದರಿಂದ ಸುಧಾರಿಸಿತೆಂಬ ಭ್ರಾಂತಿ ಮಾತ್ರ ಅವನಿಗೆ ಲಾಭ. ಆ ಭ್ರಾಂತಿಯಿಂದ ಇನ್ನಷ್ಟು ವೇಗವಾಗಿ ತಿರುವನ್ನು ಹೊಗುತ್ತಾನೆ.

ಇನ್ನು ಸರಿಯಾದ ಪರಿಹಾರಗಳು. ಅತಿ ಸುಲಭವಾದದ್ದು ಹಿಂಭಾಗವನ್ನು ತಗ್ಗಿಸುವುದು. ಕಮಾನಿನ ಬಾಗನ್ನು ಕಡಮೆ ಮಾಡಿಯೋ, ಕಮಾನಿಗೂ ಪೆಟ್ಟಿಗೆಗೂ ನಡುವೆ ಲೋಹದ ತುಂಡನ್ನಿಟ್ಟು ಕಮಾನನ್ನು ಮೇಲೆತ್ತಿಯೋ ಇದನ್ನು ಸಾಧಿಸುತ್ತಾರೆ. ಒಡಲು ಇಳಿದಷ್ಟೂ ಚಕ್ರಗಳು ಮೊದಲೇ ಒಳ ಓರೆಯಲ್ಲಿ ನಿಲ್ಲುತ್ತವೆ. ಹೊರ ಓರೆಗೆ ಹೋಗಲು ಅವು ಕ್ರಮಿಸಬೇಕಾದ ದಾರಿ ಹೆಚ್ಚಾಗುತ್ತದೆ. ರೋಗ ವಾಸಿಯಾಗುವುದಿಲ್ಲ, ಮಿತಿ ಮಾತ್ರ ದೂರ ಸರಿಯುತ್ತದೆ. ಒಳ ಓರೆ ಅತಿಯಾದರೆ ಟೈರಿನ ಒಳ ಅಂಚು ಸವೆಯುತ್ತದೆಂಬುದೂ ಉಂಟು.

ಎರಡನೆಯದು ಸರಿದೂಗಿಸುವ ಕಮಾನು. ಡಿಫರೆನ್ಷಿಯಲ್ ಪೆಟ್ಟಿಗೆಯ ಅಡಿಯಲ್ಲಿ ನಡುವೆ ಕೀಲಿನ ಮೇಲೆ ನಿಂತು, ತಕ್ಕಡಿಯ ದಂಡದಂತೆ ಆಡುವ ಒಂದು ಹೆಚ್ಚುವರಿ ಪಟ್ಟಿಯ ತುದಿಗಳನ್ನು ಎರಡು ಚಕ್ರಗಳ ಬುಡಕ್ಕೂ ಕೊಡುತ್ತಾರೆ. ಒಂದು ಚಕ್ರ ಏರಿ ಇನ್ನೊಂದು ಇಳಿದರೆ ಪಟ್ಟಿ ಸುಮ್ಮನೆ ಓಲಾಡುತ್ತದೆ. ಎರಡೂ ಒಟ್ಟಿಗೆ ಕೆಳಗಿಳಿಯ ಹೊರಟರೆ ತಡೆಯುತ್ತದೆ. ವಾಲಲು ಬಿಟ್ಟು ಏಳಲು ಬಿಡದಿರುವ ಈ ಉಪಾಯ ನಮ್ಮ ಮೇಲಿನ ವಿವೇಚನೆಗೆ ಹೇಳಿಮಾಡಿಸಿದಂತಿದೆ. ಪೋರ್ಷೆ ಕಂಪೆನಿಯವರು ತಮ್ಮ 356 ಮಾದರಿಯ ಬಲಿಷ್ಠ ಕಾರುಗಳಲ್ಲಿ ಇದನ್ನು ಅಳವಡಿಸಿದ್ದರು. ಮರ್ಸಿಡಿಸ್ ಕಂಪೆನಿಯವರು ಬೇರೆ ಮಾರ್ಗ ಹಿಡಿದರು: 1954ರಿಂದ ತಮ್ಮ ಕಾರುಗಳಲ್ಲಿ ಎರಡು ಅರ್ಧಾಕ್ಷಗಳಿಗೂ ಒಂದೇ ತೂಗುಕೀಲನ್ನು ಪೆಟ್ಟಿಗೆಯ ಅಡಿಯಲ್ಲಿ, ನೆಲಕ್ಕೆ ಸಮೀಪವಾಗಿ, ಇಟ್ಟರು. ಕೀಲು ತಗ್ಗಿದರೆ ನಮ್ಮ 28 ಎಂಬ ಅಂಕಿಯೂ ತಗ್ಗುತ್ತದೆ. ಕೀಲಿನಿಂದ ಚಕ್ರಕ್ಕೆ ದೂರ ಹೆಚ್ಚುವುದರಿಂದ 50 ಎಂಬ ಅಂಕಿ ಏರುತ್ತದೆ. ಅವರ 300 ಎಸ್‌ಎಲ್ ಕ್ರೀಡಾಕಾರಿಗೆ ಈ ಭಾಗ್ಯ 1957ರ ತೆರೆದ ಮಾದರಿಯಲ್ಲಿ ದೊರೆಯಿತು.

ಟ್ರಯಂಫ್ ಕಂಪೆನಿಯವರು ಮೊದಲು ಹಿಡಿದದ್ದು ದುಬಾರಿಯ ದಾರಿ. ಸ್ಪಿಟ್‌ಫೈರಿನ ಚೌಕಟ್ಟಿನ ಮೇಲೆ ಆರು ಸಿಲಿಂಡರುಗಳ ಎರಡು ಲೀಟರ್ ಎಂಜಿನ್ ಕೂರಿಸಿ, ಮೇಲೆ ಮುಚ್ಚಿಗೆ ಕಟ್ಟಿ, 1966ರಲ್ಲಿ ಜಿಟಿ6 ಎಂಬ ಕಾರನ್ನು ಹೊರತಂದರು. 95 ಅಶ್ವಶಕ್ತಿಯನ್ನು ಹಳೆಯ ತೂಗಚ್ಚಿಗೆ ಒಪ್ಪಿಸಿದುದರ ಫಲವನ್ನು ಮೋಟಾರು ಪತ್ರಿಕೆಗಳು ನಿಷ್ಠುರವಾಗಿ ಟೀಕಿಸಿದುವು. 1968ರ ಎರಡನೆಯ ಮಾದರಿಯಲ್ಲಿ ಚಕ್ರದ ಕೆಳಗೆ ಒಂದು ಕವಲುತೋಳನ್ನು ಸೇರಿಸಿ, ಅಡ್ಡ ಕಮಾನನ್ನೇ ಮೇಲಿನ ತೋಳಾಗಿ ಮಾಡಿಕೊಂಡು, ಅರ್ಧಾಕ್ಷದ ನಡುವೆ ರೋಟೋಫ್ಲೆಕ್ಸ್ ಎಂಬ ರಬ್ಬರಿನ ಜೋಡಣೆಯನ್ನು ಇಟ್ಟರು. ಉದ್ದಿನ ವಡೆಯ ಆಕಾರದ ಈ ಜೋಡಣೆ ಅರ್ಧಾಕ್ಷವನ್ನು ಬಾಗಲೂ ತುಸು ಉದ್ದವಾಗಲೂ ಬಿಡುತ್ತದೆ. ಚಕ್ರವು ತೂಗುವ ಬಾಗಿಲಾಗಿರುವುದು ತಪ್ಪಿತು. ನಡೆಯ ದೃಷ್ಟಿಯಿಂದ ಈ ಮನೆತನದಲ್ಲಿ ಇದಕ್ಕಿಂತ ಉತ್ತಮವಾದ ಹಿಂಭಾಗ ಇನ್ನೊಂದಿಲ್ಲ. ಆದರೆ ಬೆಲೆ ಹೆಚ್ಚು, ರಬ್ಬರು ಬಿರಿಯುತ್ತದೆ, ಬದಲಾಯಿಸುವುದು ಪ್ರಯಾಸದ ಕೆಲಸ. 1973ರಲ್ಲಿ ಕಂಪೆನಿಯವರೇ ಜಿಟಿ6 ಕಾರಿನಿಂದ ಅದನ್ನು ತೆಗೆದುಹಾಕಿ, ಆ ವೇಳೆಗೆ ಸ್ಪಿಟ್‌ಫೈರಿನಲ್ಲಿ ಬಂದಿದ್ದ ಅಗ್ಗದ ಪರಿಹಾರಕ್ಕೆ ಮರಳಿದರು.

ಆ ಅಗ್ಗದ ಪರಿಹಾರವೇ ನಮ್ಮ ದೃಷ್ಟಿಯಲ್ಲಿ ಈ ಕಥೆಯ ಸಾರಭಾಗ. 1970ರಲ್ಲಿ ಬಂದ ನಾಲ್ಕನೆಯ ಸ್ಪಿಟ್‌ಫೈರಿನಲ್ಲಿ ತೂಗಚ್ಚು ಹಾಗೆಯೇ ಉಳಿಯಿತು. ಬದಲಾದದ್ದು ಕಮಾನಿನ ನಡುವಣ ಬಂಧನ ಮಾತ್ರ. ಹಿಂದೆ ಎಲ್ಲ ಎಲೆಗಳನ್ನೂ ಒಟ್ಟಾಗಿ ಪೆಟ್ಟಿಗೆಗೆ ಬಿಗಿಯುತ್ತಿದ್ದರು. ಈಗ ಕೆಳಗಿನ ಒಂದೇ ಎಲೆಯನ್ನು ಬಿಗಿದು, ಉಳಿದ ಎಲೆಗಳನ್ನು ನಡುವೆ ಕೀಲಿನ ಮೇಲೆ ಸ್ವತಂತ್ರವಾಗಿ ಓಲಾಡುವಂತೆ ಬಿಟ್ಟರು. ಕಾರು ಮೇಲೆ ಕೆಳಗೆ ಆಡುವಾಗ ಎಲ್ಲ ಎಲೆಗಳೂ ದುಡಿಯುತ್ತವೆ. ವಾಲುವಾಗ ಒಂದೇ ಎಲೆ ಎದುರಿಸುತ್ತದೆ. ಹೀಗೆ ಹಿಂಭಾಗ ಹೊರುತ್ತಿದ್ದ ಭಾರವರ್ಗಾವಣೆಯ ಪಾಲು ತಗ್ಗಿತು. ಒಟ್ಟು ವಾಲುವಿಕೆ ಮಿತಿಮೀರದಿರಲೆಂದು ಮುಂಭಾಗದ ವಾಲುತಡೆ ಸರಳನ್ನು ದಪ್ಪಗೊಳಿಸಿದರು. ಸರಳಿನ ತಿರುಚುಬಿಗಿತ ವ್ಯಾಸದ ನಾಲ್ಕನೆಯ ಘಾತದಂತೆ ಏರುವುದರಿಂದ ಸ್ವಲ್ಪ ದಪ್ಪವೇ ಸಾಕು: 16 ಮಿಲಿಮೀಟರಿನದನ್ನು 20 ಮಾಡಿದರೆ ಬಿಗಿತ ಸುಮಾರು ಎರಡೂವರೆ ಪಟ್ಟಾಗುತ್ತದೆ.

ಹಿಂದಿನ ಉದಾಹರಣೆಗೇ ಇದನ್ನು ಅನ್ವಯಿಸಿ ನೋಡೋಣ. ಕೀಲುಗಳು ಎತ್ತರದಲ್ಲಿರುವ ಕಾರಣದಿಂದಲೇ ಆಗುವ ಭಾರವರ್ಗಾವಣೆ ಒಂದಿದೆ. ನಮ್ಮ ಅಂಕಿಗಳಂತೆ ಅದು ಸುಮಾರು 67 ಕಿಲೋ. ಸ್ಪ್ರಿಂಗನ್ನು ಎಷ್ಟು ಸಡಿಲಿಸಿದರೂ ಇದು ಹೋಗುವುದಿಲ್ಲ. ಹಿಂದಿನ ಲೆಕ್ಕದ 110 ಕಿಲೋವಿನಲ್ಲಿ ಉಳಿದ 43 ಕಿಲೋ ಮಾತ್ರ ಕಮಾನಿನ ಬಿಗಿತದಿಂದ ಬಂದದ್ದು. ಅದನ್ನು ಪೂರ್ತಿ ತೆಗೆದುಹಾಕಿದೆವೆನ್ನಿ. ಆಗ ಹೊರಚಕ್ರದ ಭಾರ 267, ಒಳಚಕ್ರದ್ದು 133; ಪಾರ್ಶ್ವಬಲಗಳ ವ್ಯತ್ಯಾಸ 80; ಎತ್ತುವ ಬಲ 74ರಿಂದ 45ಕ್ಕೆ ಇಳಿಯುತ್ತದೆ. ಒಂದು ಎಲೆ ಬಿಗಿಯಾಗಿಯೇ ಇರುವುದರಿಂದ ವಾಸ್ತವದ ಲಾಭ ಇದಕ್ಕಿಂತ ತುಸು ಕಡಮೆ. ಆದರೂ ಒಂದೆರಡು ಬೋಲ್ಟುಗಳ ಸ್ಥಾನಪಲ್ಲಟದಿಂದ ಇಷ್ಟು ಫಲ ದೊರೆತದ್ದು ಸಣ್ಣ ಮಾತಲ್ಲ. ಮುಂಭಾಗದ ಟೈರುಗಳು ಹೆಚ್ಚು ಹೊರೆ ಹೊತ್ತು ಮೊದಲು ದಣಿಯುವುದರಿಂದ, ಮಿತಿ ಮುಟ್ಟಿದಾಗ ಕಾರು ಮೂತಿಯನ್ನು ಹೊರಕ್ಕೆ ಸರಿಸುತ್ತದೆ, ಬಾಲವನ್ನು ಬೀಸುವುದಿಲ್ಲ. ಆಗ ಅಂಜಿದ ಚಾಲಕನು ಕಾಲು ತೆಗೆದರೆ ಕಾರು ಅವನಿಗೆ ಒಲಿಯುತ್ತದೆ. 1973ರಲ್ಲಿ ಅರ್ಧಾಕ್ಷಗಳನ್ನು ಒಂದೊಂದು ಅಂಗುಲ ಉದ್ದಮಾಡಿ ಹಿಂದಿನ ಚಕ್ರಗಳ ಅಂತರವನ್ನು ಎರಡು ಅಂಗುಲ ಹಿಗ್ಗಿಸಿದುದೂ ಇದೇ ದಿಕ್ಕಿನ ಹೆಜ್ಜೆ.

ಹಳೆಯ ಮಾದರಿಯ ಸ್ಪಿಟ್‌ಫೈರ್ ಉಳ್ಳವರು ಈ ಓಲಾಡುವ ಕಮಾನನ್ನು ತಮ್ಮ ಕಾರಿಗೂ ಅಳವಡಿಸಿಕೊಳ್ಳಬಹುದು, ಅನೇಕರು ಅಳವಡಿಸಿಕೊಂಡಿದ್ದಾರೆ. ದಪ್ಪನಾದ ಮುಂಸರಳನ್ನು ಜೊತೆಗೇ ಹಾಕಬೇಕು. ಕಮಾನನ್ನು ಮಾತ್ರ ಹಾಕಿ ಸರಳನ್ನು ಬಿಟ್ಟರೆ ಕಾರು ದೋಣಿಯಂತೆ ಹೊಯ್ದಾಡುತ್ತದೆ. ಟೈರಿನ ವಿಷಯವನ್ನೂ ಮರೆಯಬಾರದು. ಈ ಕಾರನ್ನು ರೂಪಿಸಿದ್ದು ಅಡ್ಡನೂಲಿನ ಹಳೆಯ ಟೈರುಗಳ ಕಾಲದಲ್ಲಿ. ಇಂದಿನ ರೇಡಿಯಲ್ ಟೈರುಗಳು ಹೆಚ್ಚು ಹಿಡಿಯುತ್ತವೆ. ಹೆಚ್ಚು ಹಿಡಿದಷ್ಟೂ ಎತ್ತುವ ಬಲವೂ ಹೆಚ್ಚು. ಬಿಗಿಗೊಳಿಸದ ತೂಗಚ್ಚಿಗೆ ಅಗಲವಾದ ಟೈರು ಹಾಕುವುದು ಉಪಕಾರವಲ್ಲ ಎಂಬುದು ಇದರಿಂದ ಹೊರಡುತ್ತದೆ. ಬಿಗಿಗೊಳಿಸುವುದು ಎಂದಾಗ ಇಲ್ಲಿ ಏಳುವಿಕೆಯನ್ನು ತಡೆಯುವುದು ಎಂದೇ ಅರ್ಥ.

ಹೊಸ ಭಾಗಗಳನ್ನು ಕೊಳ್ಳುವ ಮುನ್ನ ಹಳೆಯವನ್ನು ಪರೀಕ್ಷಿಸುವುದು ಇನ್ನೂ ಮುಖ್ಯ. ಸವೆದ ರಬ್ಬರು ಬುಷ್ಷುಗಳೂ ಎಣ್ಣೆ ಸೋರಿದ ಆಘಾತಶಾಮಕಗಳೂ ಇರುವ ಕಾರಿನಲ್ಲಿ ಯಾವ ಜ್ಯಾಮಿತಿಯೂ ನಿಲ್ಲುವುದಿಲ್ಲ. ವಿಶೇಷವಾಗಿ ಮುಂಚಕ್ರಗಳ ಕೆಳಕೀಲನ್ನು ನೋಡಬೇಕು. ಅಲ್ಲಿ ಉಕ್ಕಿನ ಕಂಬದ ತಿರುಪು ಕಂಚಿನ ತುಂಡಿನೊಳಗೆ ಕೂತಿರುತ್ತದೆ. ಅದಕ್ಕೆ ಗೇರು ಪೆಟ್ಟಿಗೆಯ ಗಟ್ಟಿ ಎಣ್ಣೆಯನ್ನು ಆಗಾಗ ಉಣಿಸುತ್ತಿರಬೇಕು. ಗ್ರೀಸು ತಿರುಪಿನ ಆಳಕ್ಕೆ ಇಳಿಯುವುದಿಲ್ಲ. ಒಣಗಿ ತುಕ್ಕು ಹಿಡಿದ ಕಂಬ ಮುರಿದು ಚಕ್ರವೇ ಕಳಚಿಬಿದ್ದ ಪ್ರಸಂಗಗಳು ಈ ಕಾರುಗಳ ಇತಿಹಾಸದಲ್ಲಿ ಅಪರೂಪವಲ್ಲ. ಸಾವಿರಾರು ರೂಪಾಯಿಯ ಸರಳನ್ನು ಹಾಕಿಸಿ, ಒಂದು ಹಿಡಿ ಎಣ್ಣೆಯನ್ನು ಮರೆಯುವ ಹವ್ಯಾಸಿಯ ಬಗೆಗೆ ನಮಗೆ ಸಹಾನುಭೂತಿ ಕಡಮೆ.

ಇಷ್ಟೆಲ್ಲ ಬದಲಾಯಿಸಿದ ಮೇಲೆ ಅದು ಹಳೆಯ ಕಾರಾಗಿ ಉಳಿಯಿತೆ ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ಅಸಂಬದ್ಧವಲ್ಲ. ವಸ್ತುಸಂಗ್ರಹಾಲಯದಲ್ಲಿ ನಿಲ್ಲುವ ಕಾರಾದರೆ 1962ರ ಕಮಾನು 1962ರ ಹಾಗೆಯೇ ಇರಲಿ. ರಸ್ತೆಗೆ ಇಳಿಯುವ ಕಾರಿನಲ್ಲಿ ಚಾಲಕನ ಪಕ್ಕದಲ್ಲಿ ಇನ್ನೊಬ್ಬರೂ ಕುಳಿತಿರುತ್ತಾರೆ, ಎದುರಿನಿಂದ ಬರುವವರೂ ಇರುತ್ತಾರೆ. ಅಲ್ಲಿ ತಯಾರಕರೇ ಎಂಟು ವರ್ಷದ ಅನಂತರ ಮಾಡಿದ ತಿದ್ದುಪಡಿಯನ್ನು ಸೇರಿಸಿಕೊಳ್ಳುವುದು ಇತಿಹಾಸಕ್ಕೆ ದ್ರೋಹವೆಂದು ನಮಗೆ ತೋರುವುದಿಲ್ಲ. ಕಮಾನನ್ನೇ ಕಿತ್ತೊಗೆದು ಸುರುಳಿ ಸ್ಪ್ರಿಂಗುಗಳನ್ನೂ ಹೊಸ ತೋಳುಗಳನ್ನೂ ಬೆಸೆಯುವ ಪರಿವರ್ತನೆಗಳ ಮಾತು ಬೇರೆ. ಅವನ್ನು ಹೊಸ ಕಾರು ಕಟ್ಟುವವರಿಗೇ ಬಿಡಬಹುದು.

ಇದೆಲ್ಲ ದೂರದ ದೇಶದ ಸಂಗತಿಯೆಂದು ವಿದ್ಯಾರ್ಥಿಗಳು ಭಾವಿಸಬೇಕಾಗಿಲ್ಲ. ಮದರಾಸಿನ ಸ್ಟ್ಯಾಂಡರ್ಡ್ ಕಾರಖಾನೆ 1961ರಿಂದ ಹೆರಾಲ್ಡ್ ಕಾರನ್ನು ನಮ್ಮ ದೇಶದಲ್ಲಿಯೇ ತಯಾರಿಸಿತು; ಬೆಂಗಳೂರು ಮೈಸೂರುಗಳ ರಸ್ತೆಗಳಲ್ಲಿ ಅದು ಒಂದು ಕಾಲಕ್ಕೆ ಪರಿಚಿತವಾದ ನೋಟವಾಗಿತ್ತು. ಹಿಂದಿನ ಆಸನದಲ್ಲಿ ಮೂವರು ಕುಳಿತಾಗ ಅದರ ಹಿಂಚಕ್ರಗಳು ಬುಡ ಅಗಲಿಸಿ ನಿಲ್ಲುತ್ತಿದ್ದುದನ್ನೂ, ಬರಿದಾದಾಗ ನೆಟ್ಟಗಾಗುತ್ತಿದ್ದುದನ್ನೂ ಹಿರಿಯರು ನೆನೆಯುತ್ತಾರೆ. ಅದು ತೂಗಚ್ಚಿನ ಓರೆಯೇ. ಅದರ ಉತ್ತರಾಧಿಕಾರಿಯಾಗಿ 1972ರಲ್ಲಿ ಬಂದ ಗೆಜೆಲ್ ಕಾರಿನಲ್ಲಿ ತಯಾರಕರು ತೂಗಚ್ಚನ್ನು ಬಿಟ್ಟು, ಹಳೆಯ ಮಾದರಿಯ ಒಂದೇ ಗಟ್ಟಿ ಅಚ್ಚಿಗೆ ಮರಳಿದರು.

ಹಳೆಯ ಹೆರಾಲ್ಡ್ ಎಲ್ಲಿಯಾದರೂ ಸಿಕ್ಕಿದರೆ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಿ ನೋಡಬಹುದು. ಬೇಕಾದದ್ದು ಒಂದು ಜ್ಯಾಕು, ಒಂದು ತೂಗುಗುಂಡು, ಒಂದು ಅಳತೆಪಟ್ಟಿ. ಮುಂಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಕಾರಿನ ಹಿಂಭಾಗವನ್ನು ನಡುವೆ ಜ್ಯಾಕಿನಿಂದ ಎತ್ತಬೇಕು. ಹಿಂಚಕ್ರಗಳ ಬುಡಗಳು ಒಂದನ್ನೊಂದು ಸಮೀಪಿಸಿ ಅಡಿಗೆ ಮಡಿಯುತ್ತವೆ. ಚಕ್ರದ ಮೇಲಂಚಿನಿಂದ ತೂಗುಗುಂಡನ್ನು ಇಳಿಬಿಟ್ಟು ಓರೆಯನ್ನು ಅಳೆದುಕೊಳ್ಳಬೇಕು. ಬಳಿಕ ಕಾರನ್ನು ಮೆಲ್ಲನೆ ಇಳಿಸಿದರೆ ಅದು ಮೊದಲಿನ ಎತ್ತರಕ್ಕೆ ಬರುವುದಿಲ್ಲ. ಟೈರುಗಳು ನೆಲವನ್ನು ಕಚ್ಚಿ ಹಿಡಿದು, ಮಡಿದ ಕಾಲುಗಳ ಮೇಲೆಯೇ ಒಡಲನ್ನು ಎತ್ತಿ ನಿಲ್ಲಿಸಿರುತ್ತವೆ. ಆಗ ಇನ್ನೊಮ್ಮೆ ಅಳೆಯಬೇಕು. ಅಡ್ಡಗಲ್ಲು ತೆಗೆದು ಕಾರನ್ನು ನಾಲ್ಕಾರು ಗಜ ಮುಂದಕ್ಕೆ ನೂಕಿದರೆ, ಟೈರುಗಳು ಉರುಳುತ್ತ ಹೊರಕ್ಕೆ ಸರಿದು, ಹಿಂಭಾಗ ತಾನಾಗಿ ಕೆಳಗೆ ಕೂರುತ್ತದೆ.